ನೋಡಬಾರದ ಮುಖ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಸಿಂಧನೂರಿನಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಅಕ್ಕ ಮಸ್ಕಿಯಲ್ಲಿದ್ದಳು. ಅವಳನ್ನು ನಮ್ಮ ತಾಯಿಯ ತಮ್ಮನಿಗೇ ಕೊಟ್ಟಿದ್ದರು. ನಮ್ಮಲ್ಲಿ ಅದು ರೂಢಿ. ಅವರ ಮೊದಲ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಆಕೆಗೆ ನಾಲ್ಕು ತುಂಬಿದಾಗ ಅಕ್ಕ ಮತ್ತೆ ಬಸುರಾದಳು.

ಮೂರನೇ ತಿಂಗಳಲ್ಲಿ ಅಕ್ಕನನ್ನು ಲಿಂಗಸುಗೂರಿನ ಡಾಕ್ಟರರ ಬಳಿ ಕರೆದೊಯ್ದೆ. ಒಂದೇ ರಕ್ತದ ಮದುವೆಯಲ್ಲಿ ಹೀಗಾಗುವುದುಂಟು, ಈ ಮಗುವಿಗೂ ಆಗಬಹುದು, ಆಗದೆಯೂ ಇರಬಹುದು ಎಂದರು. ಮುಂದೊಂದು ದಿನ ಹೊಟ್ಟೆಯಲ್ಲೇ ತಿದ್ದುವ ವಿದ್ಯೆ ಬಂದೀತು, ಆಗ ಜನ ಕಿವಿಗಷ್ಟೇ ನಿಲ್ಲದೆ ಬಣ್ಣ, ಎತ್ತರ ಎಲ್ಲ ಬೇಡತೊಡಗುತ್ತಾರೆ ಎಂದೂ ಸೇರಿಸಿದರು.

"ಬೇಡಲಿ ಬಿಡ್ರಿ. ನನಗ ಕಿವಿ ಅಷ್ಟ ಸಾಕು," ಎಂದಳು ಅಕ್ಕ.

ಅದಕ್ಕೆ ಉಪಾಯ ಹೇಳಿದವಳು ಅಕ್ಕನ ಓಣಿಯ ಸೂಲಗಿತ್ತಿ. ಬಸುರಿ ದಿನಾ ಯಾರ ಮುಖ ನೋಡುತ್ತಾಳೋ ಕೂಸು ಅವರಂತೆ ಹುಟ್ಟುತ್ತದೆ ಎಂದಳು. ಮಾವ ಪೇಟೆಯಿಂದ ದುಂಡು ಕೂಸಿನ ಚಿತ್ರವಿದ್ದ ಕ್ಯಾಲೆಂಡರ್ ತಂದು ಮಂಚದೆದುರು ತೂಗುಹಾಕಿದ. ಅಕ್ಕ ಮಗಳನ್ನು ನನ್ನ ಕೈಗೆ ಕೊಟ್ಟಳು.

"ಹಡಿಯೂ ಮಟ ನಿನ್ನ ಕಡೆ ಇರ್ಲೋ ತಮ್ಮ. ಈಕಿನ್ನ ನೋಡಿದ್ರ ನನಗ ಅಂಜಿಕಿ ಬರ್ತದ."

ಸೂಲಗಿತ್ತಿಯ ಮಾತು ಸುಳ್ಳೆಂದು ನನಗೆ ಗೊತ್ತಿತ್ತು. ಡಾಕ್ಟರರ ಮಾತನ್ನು ಮತ್ತೆ ಹೇಳಿದೆ. ಅಕ್ಕ ಕೈಮುಗಿದಳು. ಮಗುವನ್ನು ಬಸ್ ಹತ್ತಿಸಿಕೊಂಡು ಬಂದೆ.

ಸಿಂಧನೂರಿನಲ್ಲಿ ಅವಳು ಬಾಗಿಲಲ್ಲೇ ಕೂರುತ್ತಿದ್ದಳು. ತಾಯಿ ಉಡುತ್ತಿದ್ದಂಥ ಹಸಿರು ಸೀರೆಯವರು ಯಾರೇ ಹಾದುಹೋದರೂ ಎದ್ದು ನಿಲ್ಲುತ್ತಿದ್ದಳು. ತಿಂಗಳಾದ ಮೇಲೆ ಏಳುವುದನ್ನು ಬಿಟ್ಟಳು.

ಹುಟ್ಟಿದ್ದೂ ಹೆಣ್ಣೇ. ಕೂಸಿಗೆ ಮೂರು ತಿಂಗಳಾದಾಗ ನಾನೂ ನನ್ನ ಹೆಂಡತಿಯೂ ದೊಡ್ಡವಳನ್ನು ಕರೆದುಕೊಂಡು ಮಸ್ಕಿಗೆ ಹೋದೆವು. ಅಕ್ಕ ಕೂಸಿನ ಹಿಂದೆ ತಾಟಿಗೆ ಚಮಚ ಬಡಿದಳು. ಕೂಸು ಬೆಚ್ಚಿ ಬಿದ್ದಿತು. ಅಳುತ್ತ ಮತ್ತೆ ಮತ್ತೆ ಬಡಿದಳು. ದೊಡ್ಡವಳು ನನ್ನ ಹೆಂಡತಿಯ ಸೆರಗು ಹಿಡಿದು ತಾಯಿಯ ಕೈಯನ್ನೇ ನೋಡುತ್ತ ನಿಂತಿದ್ದಳು.

"ನೋಡಿದ್ಯಾ? ಈಕಿನ್ನ ಕಳಿಸಿದ್ದಕ್ಕ ಆತು," ಎಂದಳು ಅಕ್ಕ. "ಇನ್ನೊಂದು ಕೂಸು ಆಗೂ ಮಟ ನಿನ್ನ ಕಡೆನ ಇರ್ಲಿ."

ಕಳಿಸಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ವಿವರಿಸಲು ಹೋದೆ.

"ನಿನ್ನ ಡಾಕ್ಟ್ರು ಏನ್ ಮಾಡಿದ, ಅದನ್ನ ಹೇಳು," ಎಂದ ಮಾವ.

ಸಂಜೆ ಹೊರಡುವಾಗ ದೊಡ್ಡವಳನ್ನು ಎಳೆದೊಯ್ಯಬೇಕಾದೀತೆಂದು ಅಂಜಿದ್ದೆ. ನಮಗಿಂತ ಮೊದಲೇ ಅವಳು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡು ನಿಂತಳು.