ಎಡಗಡೆಯ ಚಕ್ರ ಕಪ್ಪಾಗಲಿಲ್ಲ

ಕೊರೊನಾ ಹಾವಳಿ ಮುಗಿದ ಮರುವರ್ಷದ ಬೇಸಿಗೆಯ ಕೊನೆ, ಶಾಲೆಗಳು ಆಗಷ್ಟೇ ಶುರುವಾಗಿದ್ದವು. ನಾನಾಗ ಸೇಡಂನ ಕಾರು ವರ್ಕ್‌ಶಾಪೊಂದರಲ್ಲಿ ಸೂಪರ್‌ವೈಸರ್. ಪ್ರತಿ ಗಾಡಿಯನ್ನೂ ಓಡಿಸಿ ನೋಡಿ, ಸರಿಯಿದೆ ಎಂದು ನಾನು ಹೇಳಿದ ಮೇಲೆಯೇ ಅದು ಗೇಟು ದಾಟಬೇಕು. ಸಮಾಧಾನವೆಂಬುದು ನನಗೆ ಹುಟ್ಟಿನಿಂದಲೇ ಕಡಿಮೆ. ಕಾರಣ ಸಿಗದ ದೂರು ಬಂದರಂತೂ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಒಂದು ಮಧ್ಯಾಹ್ನ ಮಳಖೇಡದಿಂದ ಶರಣಪ್ಪನವರು ಕಾರು ತಂದರು. ಜೊತೆಗೆ ಮಗಳು ಸುಜಾತಾ. ಕೊಡ್ಲಿ ಕಡೆಯ ಶಾಲೆಯೊಂದರಲ್ಲಿ ಆಕೆಗೆ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ಮರುದಿನ ಬೆಳಿಗ್ಗೆ ಮೊದಲ ಸಲ ಒಬ್ಬಳೇ ಕಾರು ಓಡಿಸಿಕೊಂಡು ಹೋಗುವವಳಿದ್ದಳು.

“ಬ್ರೇಕ್ ಹೊಡದ್ರ ಗಾಡಿ ಬಲಕ್ಕ ಎಳೀತದರಿ. ಯಾವಾಗ್ಲೂ ಅಲ್ಲ, ಒಮ್ಮೊಮ್ಮೆ,” ಎಂದಳು.

ಈ “ಒಮ್ಮೊಮ್ಮೆ” ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮ ರಸ್ತೆಯಲ್ಲಿ ಬಲಕ್ಕೆ ಎಳೆಯುವುದೆಂದರೆ ಎದುರು ಬರುವ ಸಿಮೆಂಟ್ ಲಾರಿಯ ಕೆಳಗೆ ಹೋಗುವುದೇ.

ಇಂಥ ದೂರಿಗೆ ನಾನು ಮೊದಲು ನೋಡುವುದು ಬ್ರೇಕ್ ಡಸ್ಟ್, ಅಂದರೆ ಬ್ರೇಕ್ ಪ್ಯಾಡ್ ಸವೆದು ಚಕ್ರದ ಮೇಲೆ ಕೂರುವ ಕಪ್ಪು ಪುಡಿ. ಮುಂದಿನ ಎರಡೂ ಚಕ್ರ ಒಂದೇ ಸಮ ಕಪ್ಪಾಗಿದ್ದರೆ ಎರಡೂ ಬ್ರೇಕು ಒಂದೇ ಸಮ ಹಿಡಿಯುತ್ತಿವೆ ಎಂದರ್ಥ. ಆದರೆ ಈ ಕಾರಿನ ಚಕ್ರಗಳು ಹಬ್ಬಕ್ಕೆ ತಿಕ್ಕಿಟ್ಟ ಪಾತ್ರೆಯಂತೆ ಹೊಳೆಯುತ್ತಿದ್ದವು. ನಮ್ಮ ಕಡೆ ರಿಪೇರಿಗೆ ತರುವ ಗಾಡಿಯನ್ನೂ ತೊಳೆದೇ ತರುವುದು ರೂಢಿ.

“ಯಾಕ್ರಿ ಕಾಕಾ, ತೊಳದು ತಂದೀರಿ?”

“ಮತ್ತ? ಹೊಲಸ ಗಾಡಿ ನಾಲ್ಕು ಮಂದಿ ಮುಂದ ಹ್ಯಾಂಗ ನಿಲ್ಲಸ್ಲಿ?” ಎಂದರು ಶರಣಪ್ಪ.

ಚಕ್ರ ಬಿಚ್ಚಿಸಿದೆ. ಪ್ಯಾಡ್ ಹೊಸವು. ಬ್ರೇಕ್ ಒತ್ತಿದಾಗ ಚಕ್ರದ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಎರಡೂ ಕಡೆ ಸಲೀಸಾಗಿ ಸರಿದಾಡುತ್ತಿತ್ತು. ವರ್ಕ್‌ಶಾಪಿನ ಸುತ್ತ ಓಡಿಸಿದರೆ ಕಾರು ನೆಟ್ಟಗೆ ಹೋಗಿ ನೆಟ್ಟಗೆ ನಿಂತಿತು. ನಾನು ಕೀಲಿ ಕೊಡದೆ ಅತ್ತಿಂದಿತ್ತ ತಿರುಗಾಡಿದೆ.

“ಎಲ್ಲಾ ಸರಿ ಅದ ಅಂದ್ರಿ. ಮತ್ತ ಯಾಕ ಕೂಡ್ಸೀರಿ? ನಾಳೆ ಮುಂಜಾನೆ ಹುಡುಗಿ ಹೋಗಬೇಕು!” ಶರಣಪ್ಪ ರೇಗಿದರು.

“ಸರಿ ಅದ ಅಂದಿಲ್ಲರಿ. ತಪ್ಪು ಸಿಕ್ಕಿಲ್ಲ ಅಂದೀನಿ.”

ಕೊನೆಗೆ ಇಬ್ಬರನ್ನೂ ಕೂರಿಸಿಕೊಂಡು ಮಳಖೇಡದ ದಾರಿ ಹಿಡಿದೆ. ಲಾರಿಗಳಿಲ್ಲದ ಕಡೆ ಮತ್ತೆ ಮತ್ತೆ ಬ್ರೇಕ್ ಒತ್ತಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಬ್ರೇಕು ಚೆನ್ನಾಗಿ ಕಾದ ಮೇಲೆ ಒಮ್ಮೆಲೇ ಸ್ಟಿಯರಿಂಗ್ ಬಲಕ್ಕೆ ಜಗ್ಗಿತು. ಹೇಗೋ ಸಂಭಾಳಿಸಿ ಪಕ್ಕಕ್ಕೆ ನಿಲ್ಲಿಸಿದೆ.

ನಾನು ಇಳಿಯುವಷ್ಟರಲ್ಲಿ ಶರಣಪ್ಪ ಜೇಬಿನಿಂದ ಬಟ್ಟೆ ತೆಗೆದು ಬಲಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಅದರ ಮೇಲೆ ಆಗಲೇ ಕಪ್ಪು ಕೂತಿತ್ತು, ಅವರಿಗೆ ಅದನ್ನು ನೋಡಿ ಸಹಿಸಲಾಗಲಿಲ್ಲ.

“ಮುಟ್ಟಬ್ಯಾಡ್ರಿ!” ಎಂದು ಚೀರಿದೆ.

ಬಲಚಕ್ರಕ್ಕೆ ಬೆರಳು ತಾಗಿಸಿದೆ, ಕಪ್ಪಾಯಿತು. ಎಡಚಕ್ರಕ್ಕೆ ತಾಗಿಸಿದೆ, ಬೆರಳಿಗೆ ಹತ್ತಿದ್ದು ಇಲ್ಲವೆನ್ನುವಷ್ಟು. ಎಡಗಡೆಯ ಬ್ರೇಕು ಕಾದ ಮೇಲೆ ಹಿಡಿಯುತ್ತಲೇ ಇರಲಿಲ್ಲ, ಭಾರವೆಲ್ಲ ಬಲಗಡೆಯದರ ಮೇಲೆ.

ಕಾರನ್ನು ಕಟ್ಟಿ ಎಳೆಸಿಕೊಂಡು ಬಂದು ಎಡಗಡೆಯ ಕ್ಯಾಲಿಪರನ್ನು ಪೂರ್ತಿ ಬಿಚ್ಚಿದೆವು. ಒಳಗೆ ನೀರು ಹೋಗದಂತೆ ಕಾಯುವ ರಬ್ಬರು ಉಬ್ಬಿ ಬಿರಿದಿತ್ತು, ಲೋಹ ಸುಟ್ಟಂತಾಗಿತ್ತು. ತಣ್ಣಗಿದ್ದಾಗ ಸಲೀಸಾಗಿದ್ದದ್ದು ಕಾದಾಗ ಹಿಗ್ಗಿ ಸಿಕ್ಕಿಕೊಂಡು ಡಿಸ್ಕನ್ನು ಹಿಡಿಯುತ್ತಿರಲಿಲ್ಲ.

“ಕಾಕಾ, ಚಕ್ರ ಯಾತರಿಂದ ತೊಳೀತೀರಿ?”

“ನಮ್ಮೂರ ಫ್ಯಾಕ್ಟರಿ ಸಿಮೆಂಟ್ ಧೂಳು ನೀರಿಗೆ ಹೋಗಂಗಿಲ್ಲರಿ, ಗಟ್ಟಿ ಹಿಡೀತದ. ಗೌಂಡಿಗಳು ಪರಸಿ ತಿಕ್ಕೋ ಆಸಿಡ್ ಅದಲ್ಲ, ಅದನ್ನ ಹಾಕ್ತೀನಿ.”

ಶಹಾಬಾದ್ ಕಲ್ಲು ಹಾಸಿದ ನೆಲದ ಸಿಮೆಂಟ್ ಕಲೆ ತೆಗೆಯುವ ಆಸಿಡ್ ಅದು. ಮನೆ ಮುಂದೆ ಕಾರಿನ ಎಡಮಗ್ಗುಲು ರಸ್ತೆಗೆ ಕಾಣುವಂತೆ ನಿಲ್ಲುತ್ತಿತ್ತಂತೆ, ಹಾಗಾಗಿ ಆ ಕಡೆಯ ಚಕ್ರಕ್ಕೆ ಆರೈಕೆ ಜಾಸ್ತಿ. ಹೇಳುತ್ತ ಹೇಳುತ್ತಲೇ ಶರಣಪ್ಪನವರಿಗೆ ಅರ್ಥವಾಯಿತು. ಒಡೆದ ರಬ್ಬರನ್ನು ಕೈಯಲ್ಲಿ ಹಿಡಿದು ಹಾಗೇ ನೆಲದ ಮೇಲೆ ಕೂತರು.

“ಅಪ್ಪಾ, ನೀ ನನ್ ಸಲುವಾಗೇ ತಿಕ್ಕೀದಿ. ಏಳು,” ಎಂದಳು ಸುಜಾತಾ.

ಮರುದಿನ ಆಕೆ ಬಸ್ಸಿಗೆ ಹೋದಳು. ಹೊಸ ಕ್ಯಾಲಿಪರ್ ಬಂದ ಮೇಲೆಯೇ ನಾನು ಕೀಲಿ ಕೊಟ್ಟಿದ್ದು. ಚಕ್ರಕ್ಕೆ ಸಾದಾ ಶಾಂಪೂ ನೀರು ಸಾಕು, ಅದೂ ಚಕ್ರ ತಣ್ಣಗಾದ ಮೇಲೆ ಎಂದು ಶರಣಪ್ಪನವರಿಗೆ ಹೇಳಿ ಕಳಿಸಿದೆ. ಹೊಲಸನ್ನು ಮೊದಲು ಕಣ್ತುಂಬ ನೋಡಬೇಕು, ತೊಳೆಯುವುದು ಆಮೇಲೆ: ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಮುಂದಿನ ಸರ್ವಿಸಿಗೆ ಸುಜಾತಾ ಒಬ್ಬಳೇ ಕಾರು ಓಡಿಸಿಕೊಂಡು ಬಂದಳು. ಮುಂದಿನ ಎರಡೂ ಚಕ್ರ ಒಂದೇ ಸಮ ಕಪ್ಪಾಗಿದ್ದವು.

“ಕಾಕಾ ಇದನ್ನ ಹ್ಯಾಂಗ ತಡಕೊಂಡ್ರವ್ವ?” ಎಂದೆ.

“ಎರಡು ದಿನದಿಂದ ಗಾಡಿ ಕಡಿ ನೋಡ್ಲಾರದೇ ಒಳಗ ಕುಂತಾರ್ರಿ,” ಎಂದು ನಕ್ಕು, ಮಡಚಿದ ಬಟ್ಟೆಯೊಂದನ್ನು ಮುಂದೆ ಹಿಡಿದಳು. “ನೀವು ನೋಡಿದ ಮ್ಯಾಲ ಒರಸ್ಕೊಂಡು ಬಾ ಅಂತ ಕೊಟ್ಟು ಕಳಿಸ್ಯಾರ.”

ಬೆರಳು ತಾಗಿಸಿ ಎರಡೂ ಚಕ್ರ ನೋಡಿದೆ. ಆಮೇಲೆ ಬಟ್ಟೆ ಇಸಿದುಕೊಂಡು ನಾನೇ ಕೂತು ಒರೆಸಿದೆ.