ಹತ್ತೊಂಬತ್ತನೆಯ ಹುಣಸೆ ಬೀಜ

ಆಗ ದಾವಣಗೆರೆಯಲ್ಲಿ ಮಧ್ಯಾಹ್ನ ಕರೆಂಟ್ ಹೋದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬಂದಾಗ ಮಾತ್ರ ಇಡೀ ಓಣಿ ಒಂದೇ ದನಿಯಲ್ಲಿ ‘ಹೋ’ ಎನ್ನುತ್ತಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಂಡಕ್ಕಿಯನ್ನು ಹಳೆಯ ಪೇಪರಿನಲ್ಲೇ ಕಟ್ಟಿಕೊಡುತ್ತಿದ್ದರು, ನಮ್ಮ ಟಿ.ವಿ.ಗೆ ಎಳೆಯುವ ಮರದ ಬಾಗಿಲಿತ್ತು, ವಿಡಿಯೋ ಗೇಮ್ ಆಡುವುದು ಗಂಡುಹುಡುಗರ ಕೆಲಸ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ನಾನೊಬ್ಬಳು ಒಪ್ಪಿರಲಿಲ್ಲ.

ವಿದ್ಯಾನಗರದ ಹಾಸ್ಟೆಲುಗಳ ಹತ್ತಿರ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಬಾಗಿಲಿಗೆ ಹಸಿರು ಪರದೆ, ಒಳಗಿನಿಂದ ಟುಯ್ ಟುಯ್ ಸದ್ದು. ಹರಿಹರದಿಂದ ರಜೆಗೆ ಬರುತ್ತಿದ್ದ ನನ್ನ ಸೋದರಮಾವನ ಮಗ ಮಂಜ ಆ ಪರದೆ ಸರಿಸಿ ಒಳಗೆ ಹೋಗುತ್ತಿದ್ದ. ನಾನು ಹೊರಗೆ ಅವನ ಸೈಕಲ್ ಕಾಯಬೇಕಿತ್ತು. ಹೊರಗೆ ಬಂದವನು ಅದನ್ನು ಮುಗಿಸಿದೆ, ಇದನ್ನು ಮುಗಿಸಿದೆ ಎಂದು ಮನೆಯವರೆಗೂ ಕೊಚ್ಚಿಕೊಳ್ಳುತ್ತಿದ್ದ. ನನಗಿಂತ ಆರು ತಿಂಗಳಿಗೆ ಚಿಕ್ಕವನು ಅವನು. ಹನ್ನೊಂದು ವರ್ಷದ ನನಗೆ ಅದು ಸಹಿಸಲಾಗದ ವಿಷಯವಾಗಿತ್ತು.

ಆ ವರ್ಷ ಕಾಳಿನ ವ್ಯಾಪಾರಕ್ಕೆ ಹುಬ್ಬಳ್ಳಿಗೆ ಹೋಗಿದ್ದ ಅಪ್ಪ ಬರುವಾಗ ಒಂದು ಟಿ.ವಿ. ಗೇಮ್ ತಂದರು. ಜೊತೆಗೆ ಒಂದೇ ಒಂದು ಹಳದಿ ಕ್ಯಾಸೆಟ್. ಅದರ ಮೇಲಿನ ಬರಹ ನಮಗೆ ಗೊತ್ತಿದ್ದ ಯಾವ ಭಾಷೆಯದೂ ಅಲ್ಲ. ಆಟದಲ್ಲಿ ಕಂದೀಲು ಹಿಡಿದ ಒಬ್ಬ ಕುಳ್ಳ ಮನುಷ್ಯ ದೊಡ್ಡ ಬಾವಿಯೊಳಗೆ ಅಂತಸ್ತು ಅಂತಸ್ತಾಗಿ ಇಳಿಯುತ್ತಿದ್ದ. ತಳದಲ್ಲಿ ಒಂದು ಗಂಟೆ ಇದೆ, ಅದನ್ನು ಅವನು ಮುಟ್ಟಬೇಕು ಎಂಬುದು ಶುರುವಿನ ಚಿತ್ರದಿಂದ ಗೊತ್ತಾಗುತ್ತಿತ್ತು. ನಾವು ಅದಕ್ಕೆ ಬಾವಿ ಆಟ ಎಂದು ಹೆಸರಿಟ್ಟೆವು. ಅವನಿಗೆ ಮೂರು ಜೀವ. ಮೂರೂ ಹೋದರೆ ಮತ್ತೆ ಬಾವಿಯ ಕಟ್ಟೆಯಿಂದಲೇ ಶುರು. ಆಡಿದ್ದನ್ನು ಉಳಿಸಿಕೊಳ್ಳುವ ಏರ್ಪಾಡು ಇರಲಿಲ್ಲ. ಕರೆಂಟ್ ಹೋದರೂ ಕಟ್ಟೆಯಿಂದಲೇ ಶುರು.

ದಸರಾ ರಜೆಯ ಹೊತ್ತಿಗೆ ನಾನು ಏಳು ಅಂತಸ್ತು ಇಳಿದಿದ್ದೆ, ಮಂಜ ಐದು. ಶುರುವಿನ ಚಿತ್ರದಲ್ಲಿ ಎಣಿಸಿದಂತೆ ಎಂಟನೆಯದೇ ಕೊನೆಯದು. ಅಲ್ಲಿಗೆ ಇಬ್ಬರೂ ಇನ್ನೂ ಮುಟ್ಟಿರಲಿಲ್ಲ. ನಾನು ಅದನ್ನು ಮುಗಿಸಿದರೆ ಇನ್ನು ಮೇಲೆ ಸೈಕಲ್ ಕಾಯುವವನು ಅವನು, ಪರದೆಯೊಳಗೆ ಹೋಗುವವಳು ನಾನು ಎಂದು ಪಂದ್ಯ ಕಟ್ಟಿಕೊಂಡೆವು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಅಂದು ಅಪ್ಪನ ಸ್ಕೂಟರಿನಿಂದ ಹಿಡಿದು ಅವ್ವನ ಹೊಲಿಗೆ ಯಂತ್ರ, ಈಳಿಗೆ ಮಣೆಯವರೆಗೆ ಎಲ್ಲವೂ ಮಿಂದು ಮಡಿಯಾಗಿ ಪಡಸಾಲೆಯಲ್ಲಿ ಸಾಲಾಗಿ ಕೂರುತ್ತಿದ್ದವು. ಟಿ.ವಿ. ಗೇಮನ್ನು ನಾನೇ ಹೆಮ್ಮೆಯಿಂದ ತಂದು ಹೊಲಿಗೆ ಯಂತ್ರದ ಪಕ್ಕ ಇಟ್ಟೆ. ಪೂಜೆ ಮಾಡುವವರು ಅಪ್ಪನ ತಾಯಿ, ನಮ್ಮ ಅಜ್ಜಿ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಎಲ್ಲದಕ್ಕೂ ಮೂರು ಬೆರಳು ಎಳೆದರು. ಚೆಂಡುಹೂವು, ಊದಿನಕಡ್ಡಿ, ಒಳಗೆ ಕಾಯುತ್ತಿದ್ದ ಹೋಳಿಗೆಯ ತುಪ್ಪದ ವಾಸನೆ. ನಾನು ಹೋಳಿಗೆಯ ಕಡೆ ನೋಡುತ್ತಿದ್ದೆ, ಅಜ್ಜಿಯ ಕೈಯ ಕಡೆ ನೋಡಲಿಲ್ಲ.

ಮರುದಿನ ಬನ್ನಿ ಕೊಟ್ಟು, ಹಿರಿಯರ ಕಾಲು ಮುಟ್ಟಿ ಬಂದು ಕ್ಯಾಸೆಟ್ ಹಾಕಿದರೆ ಟಿ.ವಿ. ಬರೀ ಬೂದು ಬಣ್ಣ ತೋರಿಸಿತು. ಕ್ಯಾಸೆಟ್ ತೆಗೆದು ತಿರುಗಿಸಿ ನೋಡಿದೆ. ಅಜ್ಜಿ ಅದರ ಬೆನ್ನಿಗೆ ವಿಭೂತಿ ಹಚ್ಚಿರಲಿಲ್ಲ. ಕೆಳಗಡೆ ತೆರೆದ ಬಾಯಿ ಇರುತ್ತದಲ್ಲ, ತಾಮ್ರದ ಗೆರೆಗಳಿರುವ ಜಾಗ, ಅದರೊಳಗೆ ಬೆರಳು ಹಾಕಿ ಬಳಿದಿದ್ದರು. ವಿಭೂತಿ ಒಣಗಿ ಸುಣ್ಣದಂತೆ ಕಚ್ಚಿಕೊಂಡಿತ್ತು. ನಾನು ಅಳುತ್ತ ಕೂಗಾಡಿದೆ. ಅಜ್ಜಿಗೆ ಏನಾಯಿತೆಂದೇ ತಿಳಿಯಲಿಲ್ಲ.

“ನೀವು ದಿನಾ ಅದರ ಬಾಯಿಗೆ ಬಾಯಿಟ್ಟು ಊದ್ತಿದ್ರಿ,” ಎಂದರು ಮೆಲ್ಲಗೆ. “ಅದರ ಜೀವ ಅಲ್ಲೇ ಐತೆ ಅಂದ್ಕಂಡೆ ಕಣವ್ವ.”

ಕ್ಯಾಸೆಟ್ ಹತ್ತದಿದ್ದಾಗ ಬಾಯಲ್ಲಿ ಊದಿ ಹಾಕುವುದು ನಮ್ಮೆಲ್ಲರ ಪದ್ಧತಿ. ಅದನ್ನು ಮೂಲೆಯಲ್ಲಿ ಕೂತು ಇಷ್ಟು ಶ್ರದ್ಧೆಯಿಂದ ಗಮನಿಸಿದ್ದವರು ಅಜ್ಜಿ ಒಬ್ಬರೇ. ಈಗ ನೆನೆದರೆ ನಗು ಬರುತ್ತದೆ. ಅಂದು ಅವರ ಜೊತೆ ಮಾತು ಬಿಟ್ಟೆ.

ಹರಿಹರದಲ್ಲಿ ಮಾವನ ಸಣ್ಣ ಲೇತ್ ವರ್ಕ್‌ಶಾಪ್ ಇತ್ತು. ಮರುದಿನವೇ ನಾನೂ ಮಂಜನೂ ಬಸ್ಸು ಹತ್ತಿದೆವು. ಕ್ಯಾಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಮಾವ ಗ್ರೀಸ್ ಕೈ ಒರೆಸಿಕೊಂಡು ಸ್ಕ್ರೂ ಬಿಚ್ಚಿದರು. ದೊಡ್ಡ ದೊಡ್ಡ ಕಬ್ಬಿಣ ಕಡೆಯುವ ಮನುಷ್ಯ ಅದನ್ನು ಹಕ್ಕಿ ಮರಿಯಂತೆ ಹಿಡಿದಿದ್ದರು. ನನ್ನ ಕಂಪಾಸ್ ಬಾಕ್ಸಿನಲ್ಲಿ ಪೆನ್ಸಿಲ್ ಅಳಿಸುವ ರಬ್ಬರ್ ಇದೆಯೇ ಎಂದು ಕೇಳಿದರು. ಕಂಪಾಸ್ ಬಾಕ್ಸ್ ದಾವಣಗೆರೆಯಲ್ಲಿತ್ತು. ಪಕ್ಕದ ಅಂಗಡಿಯಿಂದ ರಬ್ಬರ್ ತರಿಸಿ ನನ್ನ ಕೈಗೇ ಕೊಟ್ಟರು. “ನಿಂದು, ನೀನೇ ತಿಕ್ಕು. ಒತ್ತಬ್ಯಾಡ,” ಎಂದರು. ಅರ್ಧ ಗಂಟೆ ತಿಕ್ಕಿದೆ. ಒಂದೊಂದೇ ಗೆರೆ ಹೊಳೆಯತೊಡಗಿತು. ಕೊನೆಗೆ ಮಾವ ಬೆಳಕಿಗೆ ಹಿಡಿದು ನೋಡಿ, ಒಂದು ಗೆರೆ ಪೂರ್ತಿ ಸವೆದಿದೆ, ಹತ್ತಿದರೆ ನಿನ್ನ ಪುಣ್ಯ ಎಂದರು.

ಹತ್ತಿತು. ಬಾವಿ, ಕಂದೀಲು, ಹಾಡು ಎಲ್ಲ ಮೊದಲಿನ ಹಾಗೇ ಬಂದವು. ಎರಡು ದಿನದಲ್ಲಿ ನಾನು ಮೊದಲ ಸಲ ಎಂಟನೆಯ ಅಂತಸ್ತಿಗೆ ಇಳಿದೆ. ಇಳಿದು ನೋಡಿದರೆ ಅಲ್ಲಿ ಏನೂ ಇಲ್ಲ! ಎಡಗಡೆ ಕುಳ್ಳ ನಿಂತ ಕಲ್ಲು, ಬಲಗಡೆ ತುದಿಯಲ್ಲಿ ತೂಗುವ ಗಂಟೆ, ಕೆಳಗೆ ನೀರು, ನಡುವೆ ಬರೀ ಕಪ್ಪು. ಜಿಗಿದರೆ ನೀರಿಗೆ. ಎರಡು ಜೀವ ಹಾಗೇ ಹೋದವು. ಮೂರನೆಯ ಸಲ ಬೇಸರದಿಂದ ಎಲ್ಲಿಗೋ ಜಿಗಿದೆ. ಕುಳ್ಳ ಕತ್ತಲಲ್ಲಿ ನಿಂತುಬಿಟ್ಟ. ಅಲ್ಲೊಂದು ಮೆಟ್ಟಿಲಿತ್ತು, ಆದರೆ ಕಾಣುತ್ತಿರಲಿಲ್ಲ. ಮುಂದಿನ ಜಿಗಿತಕ್ಕೆ ಆ ಜೀವವೂ ಮುಳುಗಿತು.

ಕ್ಯಾಸೆಟ್ ಕೆಟ್ಟಿದೆ, ಪಂದ್ಯ ರದ್ದು ಎಂದು ಮಂಜ ಬ್ಯಾಟು ಎತ್ತಿಕೊಂಡು ಹೊರಗೆ ಹೋದ. ನಾನು ಸೋತ ಮುಖ ಹಾಕಿಕೊಂಡು ಕೂತಿದ್ದೆ. ಅಜ್ಜಿ ಒಳಗಿನಿಂದ ಚೌಕಾಬಾರ ಆಡುವ ಹುಣಸೆ ಬೀಜದ ಡಬ್ಬಿ ತಂದು ಟಿ.ವಿ. ಮುಂದೆ, ನನ್ನ ಪಕ್ಕ ಕೂತರು. ನಾಲ್ಕು ದಿನದ ಮೇಲೆ ನಮ್ಮ ಮೊದಲ ಮಾತು ಅದು.

“ಅವನು ಎಲ್ಲಿ ನಿಂತ ತೋರ್ಸು,” ಎಂದರು.

ತೋರಿಸಿದೆ. ಟಿ.ವಿ.ಯ ಅಳತೆಗೆ ಸರಿಯಾಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದು, ಅದರೊಳಗೆ ಅದೇ ಜಾಗಕ್ಕೆ ಒಂದು ಬೀಜ ಇಟ್ಟರು.

ಅಂದಿನಿಂದ ಅದೇ ನಮ್ಮ ಕೆಲಸ. ಕಟ್ಟೆಯಿಂದ ತಳದವರೆಗೆ ಇಳಿಯಲು ಹತ್ತಿರ ಹತ್ತಿರ ಅರ್ಧ ಗಂಟೆ. ತಳದಲ್ಲಿ ಕುಳ್ಳ ಕತ್ತಲಲ್ಲಿ ನಿಂತರೆ ಅಜ್ಜಿಯ ಬೀಜ ಒಂದು ಹೆಚ್ಚು, ಮುಳುಗಿದರೆ “ಹೋಗ್ಲಿ, ಅಲ್ಲಿ ಇಲ್ಲ ಅಂತನಾದ್ರೂ ಗೊತ್ತಾತು,” ಎಂಬ ಸಮಾಧಾನ. ನಡುವೆ ಕರೆಂಟ್ ಹೋದರೆ ಇಬ್ಬರೂ ಮಂಡಕ್ಕಿಗೆ ಈರುಳ್ಳಿ ಕಲಸಿಕೊಂಡು ತಿನ್ನುತ್ತ, ಬೀಜಗಳನ್ನು ನೋಡುತ್ತ, ಮುಂದಿನದು ಎಲ್ಲಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆವು. ಓದು ಬರಹ ಬಾರದ ಅಜ್ಜಿ ಎಷ್ಟು ಚುರುಕು ಎಂದು ನನಗೆ ತಿಳಿದದ್ದೇ ಆಗ. ಆಟದ ಹಾಡು ಅವರಿಗೆ ಬಾಯಿಗೆ ಬಂದಿತ್ತು. ಒಗ್ಗರಣೆ ಹಾಕುವಾಗ ಗುನುಗುತ್ತಿದ್ದರು.

ಒಂದು ಬೆಳಿಗ್ಗೆ ಅವ್ವ ಕಸ ಹೊಡೆಯುವಾಗ ಬೀಜಗಳನ್ನೂ ಸೇರಿಸಿ ಗುಡಿಸಿಬಿಟ್ಟರು. ಅಜ್ಜಿ ಡಬ್ಬಿ ತಂದು ಒಂದೊಂದಾಗಿ ಎಲ್ಲವನ್ನೂ ಇದ್ದಲ್ಲೇ ಇಟ್ಟರು. ನಾನು ಎಣಿಸಿದೆ. ಒಂದು ಹೆಚ್ಚಾಗಿತ್ತು. ಒಂಬತ್ತನೆಯ ಮೆಟ್ಟಿಲಿನ ಕೆಳಗೆ, ದಾರಿ ಬಿಟ್ಟು ಪಕ್ಕದಲ್ಲಿ ಒಂದು ಬೀಜ ಇಟ್ಟಿದ್ದರು. ಅಲ್ಲಿ ಏನೂ ಇಲ್ಲ, ನಾನು ಅಲ್ಲಿ ನೀರಿಗೆ ಬಿದ್ದಿದ್ದೆ ಎಂದೆ.

“ಬೀಳೋಕೆ ಮುಂಚೆ ಅವನು ಒಂದು ಚಣ ನಿಂತ. ನೀನು ಗುಂಡಿ ಒತ್ತಿ ಮುಂದಕ್ಕೆ ನಡೆಸಿದೆ, ಅದಕ್ಕೆ ಬಿದ್ದ. ನಾನು ನೋಡೀನಿ.”

“ಇಲ್ಲಜ್ಜಿ. ನಿನಗೆ ಕಣ್ಣು ಕಾಣಲ್ಲ.”

“ನನಗೆ ಕಾಣ್ತೈತೆ. ಬೀಜ ಇರ್ಲಿ ಬಿಡು.”

ತೆಗೆಯಲು ಹೋದ ನನ್ನ ಕೈಗೆ ಒಂದು ಏಟು ಬಿತ್ತು. ಬೀಜ ಅಲ್ಲೇ ಉಳಿಯಿತು. ಆದರೂ ಆ ಕಡೆ ಒಮ್ಮೆಯೂ ನಾನು ಕುಳ್ಳನನ್ನು ಕಳಿಸಲಿಲ್ಲ.

ರಜೆಯ ಕೊನೆಯ ದಿನ ನಡುಮನೆಯಲ್ಲಿ ಓಣಿಯ ಮಕ್ಕಳೆಲ್ಲ ಸೇರಿದ್ದರು. ಮಂಜ ಬಾಗಿಲಿಗೆ ಒರಗಿ ನಿಂತಿದ್ದ. ಎಂಟನೆಯ ಅಂತಸ್ತಿಗೆ ಬಂದಾಗ ಉಳಿದಿದ್ದು ಒಂದೇ ಜೀವ. ನಾನು ಟಿ.ವಿ. ನೋಡುವುದನ್ನು ಕಡಿಮೆ ಮಾಡಿ ನೆಲ ನೋಡತೊಡಗಿದೆ. ಅಜ್ಜಿ ದಾರಿಯ ಒಂದೊಂದು ಬೀಜದ ಮೇಲೂ ಬೆರಳಿಡುತ್ತ ಹೋದರು, ನಾನು ಜಿಗಿಸುತ್ತ ಹೋದೆ. ಹದಿನೆಂಟು ಜಿಗಿತ. ಬರೀ ಕತ್ತಲಲ್ಲಿ, ಗಾಳಿಯ ಮೇಲೆ ನಡೆದಂತೆ ಕಂದೀಲು ಗಂಟೆಯವರೆಗೆ ಹೋಯಿತು. ಗಂಟೆ ಮೊಳಗಿತು. ಓದಲಾಗದ ಅಕ್ಷರಗಳು ಟಿ.ವಿ. ತುಂಬ ಮೇಲೇರಿದವು. ಕರೆಂಟ್ ಬಂದಾಗಲೂ ನಮ್ಮ ಓಣಿ ಅಷ್ಟು ಜೋರಾಗಿ ಕೂಗಿದ್ದು ನಾನು ಕೇಳಿಲ್ಲ.

ಮಂಜ ಮಾತ್ರ ಒಪ್ಪಲಿಲ್ಲ.

“ಕೆಟ್ಟ ಕ್ಯಾಸೆಟ್ನಾಗೆ ಗೆದ್ರೆ ಅದು ಗೆದ್ದಂಗಾ? ನಿಜವಾದ ಆಟದಾಗೆ ಅಲ್ಲಿ ದೆವ್ವ ಇರ್ತಾವೆ. ವಿಭೂತಿ ಓಡ್ಸೈತೆ.”

ಸೈಕಲ್ ಕಾಯಲೂ ಅವನು ಬರಲಿಲ್ಲ. ಆ ಮಾತು ಮಾತ್ರ ಇಪ್ಪತ್ತೈದು ವರ್ಷ ಬಂತು. ನನ್ನ ಮದುವೆಯಲ್ಲಿ ಗಂಡಿನ ಕಡೆಯವರ ಮುಂದೆ ‘ವಿಭೂತಿ ಚಾಂಪಿಯನ್’ ಎಂದು ಪರಿಚಯಿಸಿದ. ನಾನೂ ನಗುತ್ತಿದ್ದೆ. ಒಳಗೊಳಗೆ ಅವನು ಹೇಳಿದ್ದೇ ಸರಿಯಿರಬಹುದೇ ಎಂಬ ಅನುಮಾನ ಕೊರೆಯುತ್ತಿತ್ತು. ಕೇಳೋಣವೆಂದರೆ ಸಾಕ್ಷಿಯೇ ಇರಲಿಲ್ಲ. ಮುಂದಿನ ಬೇಸಿಗೆಗೆ ಕ್ಯಾಸೆಟ್ ಪೂರ್ತಿ ಸತ್ತಿತು, ಟಿ.ವಿ. ಗೇಮು ಗುಜರಿಗೆ ಹೋಯಿತು. ನಾನು ಕಾಲೇಜಿಗೆ ಬಂದ ವರ್ಷ ಅಜ್ಜಿ ಹೋದರು. ಆಟದ ಹೆಸರೂ ಗೊತ್ತಿಲ್ಲದ ಮೇಲೆ ಹುಡುಕುವುದಾದರೂ ಹೇಗೆ?

ಹೋದ ದಸರಾದಲ್ಲಿ ಮಗಳು ತನ್ನ ಹೊಸ ಟಿ.ವಿ. ಗೇಮಿನ ಆನ್‌ಲೈನ್ ಅಂಗಡಿ ತೆರೆದು ಕೂತಿದ್ದಳು. ಹಳೆಯ ಆಟಗಳನ್ನು ಮತ್ತೆ ಬಿಡುಗಡೆ ಮಾಡಿದ ಸಾಲೊಂದು ಅದರಲ್ಲಿತ್ತು. ದೊಡ್ಡವರು ಯಾಕೆ ಇವನ್ನೆಲ್ಲ ಕೊಳ್ಳುತ್ತಾರೋ ಎಂದು ಅವಳು ಗೊಣಗುತ್ತ ಸರಿಸುವಾಗ ಸಣ್ಣ ಚಿತ್ರವೊಂದು ಹಾದುಹೋಯಿತು. ಬಾವಿಯ ಕಟ್ಟೆ, ಕಂದೀಲು. ಅವಳ ಕೈ ಹಿಡಿದು ನಿಲ್ಲಿಸಿ, ಅದನ್ನು ಕೊಂಡೆ. ಹಾಡು ಶುರುವಾದಾಗ ನನಗೆ ಒಗ್ಗರಣೆಯ ವಾಸನೆ ಬಂತು. ಆಟದ ನಿಜವಾದ ಹೆಸರನ್ನು ಮೊದಲ ಸಲ ಓದಿದೆ. ನಮ್ಮ ಬಾವಿ ಆಟ ಎಂಬ ಹೆಸರೇ ಚೆನ್ನಾಗಿತ್ತು.

ಹರಿಹರಕ್ಕೆ ಫೋನ್ ಮಾಡಿದೆ. ಈಗ ಮಾವನ ವರ್ಕ್‌ಶಾಪ್ ನೋಡಿಕೊಳ್ಳುವ ಮಂಜ ಭಾನುವಾರ ಬೆಣ್ಣೆ ದೋಸೆಯ ನೆಪದಲ್ಲಿ ಬಂದ. ತಲೆ ಅರ್ಧ ಬೆಳ್ಳಗಾಗಿದೆ, ನಾಲಿಗೆ ಹಾಗೇ ಇದೆ. ಈಗ ಎಲ್ಲಿ ಬೇಕಾದರೂ ಆಟ ಉಳಿಸಿಕೊಳ್ಳಬಹುದು ಎಂದು ಮಗಳು ಹೇಳಿಕೊಟ್ಟಳು. ಬೇಡವೆಂದೆ. ಮೂರೇ ಜೀವದಲ್ಲಿ, ಕಟ್ಟೆಯಿಂದ ಇಳಿದೆ. ಕೈ ಬೆರಳುಗಳು ಏನನ್ನೂ ಮರೆತಿರಲಿಲ್ಲ.

ಎಂಟನೆಯ ಅಂತಸ್ತು ಬಂತು. ದೆವ್ವ ಇರಲಿಲ್ಲ, ಹುಳ ಕೂಡ ಇರಲಿಲ್ಲ. ಇದ್ದದ್ದು ಬರೀ ಮೆಟ್ಟಿಲು. ಹಳದಿ ಇಟ್ಟಿಗೆಯ, ಚಿಕ್ಕ ಮಗುವಿಗೂ ಕಾಣುವಂಥ ಮೆಟ್ಟಿಲು. ಆಟ ಮಾಡಿದವರು ಎಲ್ಲರಿಗೂ ಕಾಣಲೆಂದು ಇಟ್ಟಿದ್ದನ್ನು ನಾನು ಕಾಣದೆ ಹತ್ತಿದ್ದೆ. ಮಂಜ ಟಿ.ವಿ. ಹತ್ತಿರ ಬಗ್ಗಿ ನೋಡಿದ. ಆಮೇಲೆ ಎದ್ದು ಹೊರಗೆ ಹೋದ. ಕಿಟಕಿಯಿಂದ ನೋಡಿದರೆ ಅಂಗಳದಲ್ಲಿ ನನ್ನ ಸ್ಕೂಟಿ ಪಕ್ಕ ಕೈಕಟ್ಟಿ ನಿಂತಿದ್ದಾನೆ.

“ಏನ್ ಮಾಡ್ತಿದೀಯೋ?” ಎಂದೆ.

“ಗಾಡಿ ಕಾಯ್ತೀನಿ. ನೀನು ಒಳಗೆ ಆಡು.”

ಹಳೆಯ ಆಟಗಳಿಗೆ ದೊಡ್ಡವರು ಯಾಕೆ ದುಡ್ಡು ಕೊಡುತ್ತಾರೆ ಎಂದು ಮಗಳು ಆಮೇಲೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಆ ನಡುಮನೆ ಇಲ್ಲ, ಸೀಮೆಸುಣ್ಣದ ಚೌಕ ಇಲ್ಲ, ಒಂದೇ ದನಿಯಲ್ಲಿ ಕೂಗುವ ಓಣಿ ಇಲ್ಲ. ನಾವು ಅಂದು ಮಾಡಿದ್ದು ನಿಜ ಎಂದು ಹೇಳಬಲ್ಲ ಜಾಗ ಈಗ ಆಟದ ಆ ಬಾವಿಯೊಂದೇ ಉಳಿದಿರುವುದು. ಯಾರೋ ಅದನ್ನು ಅಳಿಯದಂತೆ ಕಾದಿಟ್ಟು ಕೊಟ್ಟಿದ್ದಾರೆ, ಅವರಿಗೆ ನಾನು ಋಣಿ.

ಗಂಟೆ ಮುಟ್ಟುವ ಮೊದಲು ಮೆಟ್ಟಿಲುಗಳನ್ನು ಎಣಿಸಿದೆ. ಹದಿನೆಂಟಲ್ಲ, ಹತ್ತೊಂಬತ್ತು. ಒಂಬತ್ತನೆಯದರ ಕೆಳಗೆ, ದಾರಿ ಬಿಟ್ಟು ಪಕ್ಕದಲ್ಲಿ ಒಂದಿತ್ತು. ಕುಳ್ಳನನ್ನು ಅದರ ಮೇಲೆ ಇಳಿಸಿದೆ. ನಿಂತ. ಅಜ್ಜಿಯ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಅದನ್ನು ಹೇಳೋಣವೆಂದು ಪಕ್ಕಕ್ಕೆ ತಿರುಗಿದೆ.