ಗಂಗಮ್ಮನ ಹಿತ್ತಲಿನ ಎಂಜಿನ್

ಕಬ್ಬಿಣ ಗಟ್ಟಿಯೋ ಒಡಕೋ ಎಂಬುದನ್ನು ಕಿವಿಯಿಂದಲೇ ತಿಳಿಯುತ್ತಿದ್ದ ದಿನಗಳವು. ಕೊಟ್ಟೂರಿನಲ್ಲಿ ನಮ್ಮಪ್ಪನ ಗ್ಯಾರೇಜು ಇತ್ತು. ನೆಲದ ಮಣ್ಣು ಎಣ್ಣೆ ಕುಡಿದು ಕುಡಿದು ಕಪ್ಪಾಗಿತ್ತು. ಮನೆಯಲ್ಲಿ ಮಂಡಕ್ಕಿ ಒಗ್ಗರಣೆ ಹಾಕಿದರೂ ಅದರಲ್ಲೊಂದಿಷ್ಟು ಸೀಮೆಎಣ್ಣೆ ವಾಸನೆ. ನನ್ನ ಗೆಳತಿಯರು ಗಜ್ಜುಗದಲ್ಲಿ ಆಡಿದರೆ ನಾನು ಬೇರಿಂಗಿನ ಗುಂಡುಗಳಲ್ಲಿ ಆಡುತ್ತಿದ್ದೆ.

ನನ್ನ ಐದನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಅಪ್ಪನಿಗೆ ಒಂದೇ ಚಿಂತೆ ಹಿಡಿದಿತ್ತು, ಖಾದರ್ ಸಾಬರ ಜೀಪು. ಅಪ್ಪನಿಗೆ ಕೆಲಸ ಕಲಿಸಿದವರು ಅವರು. ಊರಿಗೆಲ್ಲ ಉಸ್ತಾದ್, ನನಗೆ ಉಸ್ತಾದಜ್ಜ. ಎಂಜಿನ್ನಿನ ಕಬ್ಬಿಣದ ಮೈ, ಅಂದರೆ ಬ್ಲಾಕು, ಸೀಳಿದ ಮೇಲೆ ಅವರ ಜೀಪು ವರ್ಷಗಟ್ಟಲೆ ಹಾಗೇ ನಿಂತಿತ್ತು. ಅದು ಬಹಳ ಹಳೇ ನಮೂನೆಯ ಎಂಜಿನ್. ವಾಲ್ವುಗಳು ಬ್ಲಾಕಿನಲ್ಲೇ, ಸಿಲಿಂಡರುಗಳ ಮಗ್ಗುಲಲ್ಲಿ ಕೂತಿರುತ್ತಿದ್ದವು. ಮೇಲಿನ ಹೆಡ್ಡೆಂದರೆ ಬರೀ ಚಪ್ಪಟೆ ಮುಚ್ಚಳ. ಅಂಥ ಬ್ಲಾಕು ಆಗಲೇ ಅಪರೂಪವಾಗಿತ್ತು. ಉಸ್ತಾದಜ್ಜ ಹಾಸಿಗೆ ಹಿಡಿದಿದ್ದರು. "ಹೋಗೂದರೊಳಗ ಒಮ್ಮಿ ಅದರ ಸದ್ದು ಕೇಳಬೇಕು" ಎಂದು ಅಪ್ಪನಿಗೆ ಹೇಳಿದ್ದರು.

ಅಪ್ಪ ಬ್ಲಾಕು ಹುಡುಕಲು ಹೊರಟಾಗಲೆಲ್ಲ ನಾನೂ ಹೋಗುತ್ತಿದ್ದೆ. ನನ್ನ ಬಳಿ ಸೀಮೆಸುಣ್ಣವಿರುತ್ತಿತ್ತು. ಬ್ಲಾಕಿಗೆ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸುಣ್ಣದ ಪುಡಿ ಹಚ್ಚಬೇಕು. ಎಲ್ಲಾದರೂ ಕೂದಲೆಳೆಯಷ್ಟು ಸೀಳಿದ್ದರೂ ಒಳಗಿನ ಎಣ್ಣೆ ಹೊರಬಂದು ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಕೊನೆಗೆ ಅಪ್ಪ ಸಣ್ಣ ಸುತ್ತಿಗೆಯಿಂದ ಬಡಿದು ಕೇಳುತ್ತಿದ್ದ. ಗಟ್ಟಿ ಇದ್ದರೆ ಗಣ್ ಎನ್ನುತ್ತದೆ, ಒಡಕಾದರೆ ಡಬ್ ಎನ್ನುತ್ತದೆ. ಹಗರಿಬೊಮ್ಮನಹಳ್ಳಿಯ ಗುಜರಿಯಲ್ಲಿ ಸಿಕ್ಕಿದ್ದು ವಾಲ್ವಿನ ಬುಡದಲ್ಲೇ ಸೀಳಿತ್ತು. ಕಾನಹೊಸಹಳ್ಳಿಯದರ ಸಿಲಿಂಡರು ತುಕ್ಕು ತಿಂದು ಹೋಗಿತ್ತು.

ಆಮೇಲೆ ಯಾರೋ ಬಸ್ ಕಂಡಕ್ಟರು ಹಲವಾಗಲಿನಲ್ಲಿ ಒಂದಿದೆ ಎಂದ.

ನಾವು ಊರು ಮುಟ್ಟಿದಾಗ ನಡು ಮಧ್ಯಾಹ್ನ. ಹೊಳೆ ಬತ್ತಿ ಮರಳು ಮಿರುಗುತ್ತಿತ್ತು. ಓಣಿಯಲ್ಲಿ ಒಂದು ನಾಯಿಯೂ ಇಲ್ಲ. ಗಂಗಮ್ಮ ಎಂಬಾಕೆ ಬಾಗಿಲು ತೆಗೆದು ಹಿತ್ತಲಿಗೆ ಕರೆದೊಯ್ದಳು. ಅರವತ್ತರ ಆಸುಪಾಸಿನ ಹೆಂಗಸು. ಹುಣಸೆಮರದ ದಟ್ಟ ನೆರಳಲ್ಲಿ, ಚಪ್ಪಡಿಯ ಮೇಲೆ, ಗೋಣಿಚೀಲ ಹೊದ್ದು ಬ್ಲಾಕು ಕೂತಿತ್ತು.

ಅವಳ ಗಂಡ ಜೀಪು ಓಡಿಸುತ್ತಿದ್ದನಂತೆ. ಒಂದು ದಿನ ಹೊಳೆದಂಡೆಯಲ್ಲಿ ಜೀಪು ಸಿಕ್ಕಿತು, ಅವನು ಸಿಗಲಿಲ್ಲ.

"ಗಾಡಿ ಚಾಲೂನ ಇತ್ತು ತಮ್ಮಾ," ಎಂದಳು ಅಪ್ಪನಿಗೆ. "ಚಪ್ಪಲಿ ಒಳಗಿದ್ವು. ಅವರಿದ್ದಿಲ್ಲ."

ಜೀಪಿನ ಉಳಿದದ್ದೆಲ್ಲ ಕಾಲಕ್ರಮದಲ್ಲಿ ಹೋಯಿತು. ಇದೊಂದನ್ನು ಅವಳು ಇಟ್ಟುಕೊಂಡಿದ್ದಳು. ಸೋಮವಾರಕ್ಕೊಮ್ಮೆ ಔಡಲೆಣ್ಣೆ ಸವರಿ ಒರೆಸುತ್ತಿದ್ದಳಂತೆ. ಗೋಣಿ ತೆಗೆದಾಗ ನಾಲ್ಕು ಸಿಲಿಂಡರುಗಳೂ ಹೊಸದರಂತೆ ಹೊಳೆದವು. ಅಪ್ಪ ಉಗುರನ್ನು ಒಳಗೋಡೆಯ ಮೇಲೆ ಎಳೆದ. ಎಲ್ಲೂ ತಡೆಯಲಿಲ್ಲ.

ನಾನು ಬಗ್ಗಿ ನೋಡಲು ಹೋದೆ.

"ಮುಟ್ಟಬ್ಯಾಡ ಯವ್ವಾ, ಬಿಸಿ ಇರತೈತಿ," ಎಂದಳು ಗಂಗಮ್ಮ.

ಅಷ್ಟರಲ್ಲಿ ನನ್ನ ಅಂಗೈ ಅದರ ಮೇಲಿತ್ತು. ಚಪ್ಪಡಿ ತಣ್ಣಗಿತ್ತು. ಬ್ಲಾಕು ಮಾತ್ರ ಆಗಷ್ಟೇ ಗಾಡಿ ನಿಲ್ಲಿಸಿದ ಹಾಗೆ ಬೆಚ್ಚಗಿತ್ತು.

"ಉಪಯೋಗಕ್ಕ ಬಂದ್ರ ಒಯ್ರಿ," ಎಂದಳು. ಹಾಗೆನ್ನುವಾಗ ಗೋಣಿಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದಳು.

ಸುಣ್ಣ ಹಚ್ಚಿ ಕಾದೆವು. ಎಲ್ಲ ಬಿಳಿಯಾಗೇ ಉಳಿಯಿತು. ಅಪ್ಪ ಸುತ್ತಿಗೆ ತೆಗೆದು ಮೂರು ಕಡೆ ಬಡಿದ. ಗಣ್, ಗಣ್, ಗಣ್. ಅಷ್ಟು ಚೊಕ್ಕ ಸದ್ದನ್ನು ನಾನು ಕೇಳಿರಲಿಲ್ಲ. ಅವನು ಸುತ್ತಿಗೆಯನ್ನು ಚೀಲಕ್ಕೆ ಹಾಕಿ ದಾರ ಬಿಗಿಯುತ್ತಿದ್ದ. ಆಗ ಇನ್ನೊಂದು ಸಲ ಕೇಳಿಸಿತು. ಒಳಗಿನಿಂದ, ಮೆಲ್ಲಗೆ.

ಅಪ್ಪನ ಕೈ ದಾರದ ಮೇಲೆ ನಿಂತುಬಿಟ್ಟಿತು. ಗಂಗಮ್ಮ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಅವಳ ಮುಖದಲ್ಲಿ ಅಚ್ಚರಿಯೇನೂ ಇರಲಿಲ್ಲ.

"ಒಡಕೈತಿ ಅಮ್ಮಾ," ಎಂದ ಅಪ್ಪ. "ನಮಗ ಉಪಯೋಗಕ್ಕ ಬರೂದಿಲ್ಲ. ನಿಮ್ಮ ಹತ್ರನ ಇರ್ಲಿ."

ಅವಳು ಸೆರಗಿನಿಂದ ಸುಣ್ಣದ ಪುಡಿ ಒರೆಸತೊಡಗಿದಳು, ಊಟ ಮಾಡಿದ ಮಗುವಿನ ಬಾಯಿ ಒರೆಸುವ ಹಾಗೆ. ನಮಗೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು.

ಬಸ್ಸಿನಲ್ಲಿ ಕೇಳಿದೆ, "ಗಟ್ಟಿ ಐತಲ್ಲಪ್ಪಾ. ಸುಳ್ಳ್ಯಾಕ ಹೇಳಿದಿ?"

"ಸುಮ್ನ ಕುಂದರ್ಲೇ," ಎಂದನಷ್ಟೆ.

ನನಗೆ ಸಿಟ್ಟು. ಉಸ್ತಾದಜ್ಜನ ಒಂದೇ ಆಸೆಯನ್ನು ಅಪ್ಪ ಕೈಯಾರೆ ಬಿಟ್ಟುಬಂದ ಅನಿಸಿತ್ತು. ಮರುದಿನ ಬೆಳಿಗ್ಗೆ ಹೋಗಿ ಅವರ ಮಂಚದ ಪಕ್ಕ ಕೂತು ಎಲ್ಲ ಹೇಳಿಬಿಟ್ಟೆ. ಅವರು ಕಣ್ಣು ಮುಚ್ಚಿ ಕೇಳಿದರು.

"ನಿಮ್ಮಪ್ಪ ಎಷ್ಟ್ ಸಲ ಬಡದಾ ಬೇಟಿ?"

"ಮೂರು."

"ನೀ ಎಷ್ಟ್ ಕೇಳಿದಿ?"

ಅದನ್ನು ಮಾತ್ರ ನಾನು ಹೇಳಿರಲಿಲ್ಲ. "ನಾಕು" ಎಂದೆ.

ಅವರು ಕಣ್ಣು ತೆರೆದರು. "ನಾನೂ ಹೋಗಿದ್ದೆ ಅಲ್ಲಿಗೆ, ಕಾಲು ಗಟ್ಟಿ ಇದ್ದಾಗ," ಎಂದರು. "ಅದಕ್ಕ ನಿಮ್ಮಪ್ಪಗ ಆ ಊರಿನ ಹೆಸರು ಹೇಳಿರಲಿಲ್ಲ. ಬಿಟ್ಟು ಬಂದದ್ದು ಒಳ್ಳೇದಾತು. ಅದು ಖಾಲಿ ಇಲ್ಲ."

ಮೊದಲ ಮಳೆ ಬೀಳುವ ಮುಂಚೆಯೇ ಅವರು ತೀರಿಕೊಂಡರು. ಅಪ್ಪ ಹಗರಿಬೊಮ್ಮನಹಳ್ಳಿಯ ಒಡಕು ಬ್ಲಾಕನ್ನೇ ತಂದು, ಬೆಸುಗೆ ಹಾಕಿಸಿ, ಹೇಗೋ ಜೀಪನ್ನು ಎಬ್ಬಿಸಿದ. ಚಾಲೂ ಆದ ದಿನ ಒಬ್ಬನೇ ಖಬರಸ್ತಾನದ ಗೇಟಿನವರೆಗೆ ಓಡಿಸಿಕೊಂಡು ಹೋಗಿ, ಎಂಜಿನ್ ನಿಲ್ಲಿಸದೆ ಬಹಳ ಹೊತ್ತು ಕೂತಿದ್ದನಂತೆ. ಬೆಸುಗೆ ಒಂದು ವರ್ಷವೂ ತಡೆಯಲಿಲ್ಲ.

ಈಗ ಅಪ್ಪನೂ ಇಲ್ಲ. ಗ್ಯಾರೇಜಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಹೋದ ವರ್ಷ ಹಲವಾಗಲಿಗೆ ಹೋಗಿದ್ದೆ. ಗಂಗಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿದೆ, ಅವಳ ಹಿತ್ತಲಿನಲ್ಲಿ ಬೇರೆಯವರ ಮನೆ ಎದ್ದಿದೆ. ಹುಣಸೆಮರವಿಲ್ಲ. ಬ್ಲಾಕು ಎಲ್ಲಿ ಹೋಯಿತೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ, ಗುಜರಿಗೆ ಹೋಗಿರಬೇಕು ಎಂದರು. ಜೀಪು ಓಡಿಸುತ್ತಿದ್ದವರ ಮನೆ ಎಂದು ವಿವರಿಸಲು ನೋಡಿದೆ. "ಅವರ ಹೆಸರೇನ್ರಿ?" ಎಂದರು.

ಆಗಲೇ ನನಗೆ ಹೊಳೆದದ್ದು. ಗಂಗಮ್ಮ ಗಂಡನ ಹೆಸರು ಹಿಡಿದು ಹೇಳುವವಳಲ್ಲ. ನಾವು ಕೇಳಿರಲಿಲ್ಲ. ಅವನ ಸದ್ದನ್ನು ಅಷ್ಟು ಹತ್ತಿರದಿಂದ ಕೇಳಿಸಿಕೊಂಡವರಲ್ಲಿ ಉಳಿದವಳು ನಾನೊಬ್ಬಳೇ. ನನಗೆ ಅವನ ಹೆಸರು ಗೊತ್ತಿಲ್ಲ.